ಮುಖ ನೋಡಿ ಇಟ್ಟ ಹೂವು

ಆ ಸಿನಿಮಾ ಈಗಲೂ ಟಿ.ವಿ.ಯಲ್ಲಿ ಬರುತ್ತದೆ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ತಟ್ಟೆ ಹಿಡಿದುಕೊಂಡು ಅದರ ಮುಂದೆ ಕೂತು ನಗುತ್ತಾರೆ. ನಾನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತೇನೆ. ವಯಸ್ಸಾದವನಿಗೆ ತಮಾಷೆ ಹಿಡಿಸುವುದಿಲ್ಲ ಎಂದು ಸೊಸೆ ಅಂದುಕೊಂಡಿದ್ದಾಳೆ. ಹಾಗೇನಿಲ್ಲ. ಆ ಸಿನಿಮಾವನ್ನು ಮುಳಬಾಗಿಲಿನ ಟಾಕೀಸಿನಲ್ಲಿ ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ತೆಲುಗು ಸಿನಿಮಾ. ನಮ್ಮ ಗಡಿ ಕಡೆ ಭಾಷೆ ಒಂದು ಲೆಕ್ಕವಲ್ಲ. ಕತೆ ಇಷ್ಟು. ಒಂದು ಸಣ್ಣ ಊರು, ಅಲ್ಲಿ ಒಬ್ಬ ನೀರುಗಂಟಿ. ಬೀದಿಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಮೇಲಿನ ಬೀದಿಗೆ ಬಿಟ್ಟರೆ ಕೆಳಗಿನ ಬೀದಿಯವರು ಬಯ್ಯುತ್ತಾರೆ, ಕೆಳಗಿನ ಬೀದಿಗೆ ಬಿಟ್ಟರೆ ಮೇಲಿನವರು. ಒಂದು ದಿನ ದೇವರೇ ಬಂದು ವಾಟರ್ ಟ್ಯಾಂಕಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತುಕೊಳ್ಳುತ್ತಾನೆ. ನನ್ನಷ್ಟು ಬೈಸಿಕೊಳ್ಳುವವನು ನೀನೊಬ್ಬನೇ ಸಿಕ್ಕಿದ್ದು ಎಂದು ಹೇಳಿ, ಏಳು ದಿನದ ಮಟ್ಟಿಗೆ ತನ್ನ ಶಕ್ತಿಯನ್ನೆಲ್ಲ ಅವನ ಕೈಗೆ ಕೊಟ್ಟು ರಜಾ ಹೋಗುತ್ತಾನೆ. ಆಮೇಲೆ ನೀರುಗಂಟಿ ಆಡುವ ಆಟ. ತನಗೆ ಬೈದವಳು ಬಟ್ಟೆ ಒಣಗಲು ಹಾಕಿದಾಗ ಅವಳ ಹಗ್ಗದ ಮೇಲೆ ಮಾತ್ರ ಮಳೆ ಸುರಿಸುತ್ತಾನೆ. ಹೆಂಡತಿ ಕನ್ನಡಿ ಒಡೆದುಹೋಯಿತು ಎಂದರೆ ಚಂದ್ರನನ್ನು ಇಳಿಸಿ ಗೋಡೆಗೆ ನೇತುಹಾಕುತ್ತಾನೆ.

ಅದರಲ್ಲಿ ಒಂದು ದೃಶ್ಯ ಬರುತ್ತದೆ. ದೇವಸ್ಥಾನದಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದು ನಿಂತಿರುತ್ತಾಳೆ. ನೀರುಗಂಟಿ ಕಂಬದ ಹಿಂದಿನಿಂದ ಬಂದು ಅವಳ ಮುಖಕ್ಕೆ ಮುಖ ಹತ್ತಿರ ತಂದು ನೋಡಿ, ಹಲ್ಲು ಕಿರಿದು, "ಅಡಗಕ್ಕರ್ಲೇದಮ್ಮಾ, ಮುಖಂ ಚೂಸ್ತೇ ತೆಲಿಸಿಪೋತುಂದಿ" ಅನ್ನುತ್ತಾನೆ. ಕೇಳುವುದೇ ಬೇಡಮ್ಮ, ಮುಖ ನೋಡಿದರೆ ಗೊತ್ತಾಗುತ್ತೆ, ಅಂತ. ಆಮೇಲೆ ಚಿಟಿಕೆ ಹೊಡೆಯುತ್ತಾನೆ. ಟಾಕೀಸು ಹಾರಿಹೋಗುವ ಹಾಗೆ ಜನ ನಗುತ್ತಿದ್ದರು.

ಆ ನಗುವಿನ ಸದ್ದು ನನ್ನನ್ನು ಬಿಟ್ಟಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನನ್ನ ಕೆಲಸ ಏನಿತ್ತೆಂದು ಹೇಳಬೇಕು.

ಬೈರಕೂರು ಕಡೆಯ ಒಂದು ಹಳ್ಳಿಯಲ್ಲಿ ಅಮ್ಮನ ಗುಡಿಯ ಪೂಜೆ ನನ್ನದಾಗಿತ್ತು. ನನಗಿಂತ ಮುಂಚೆ ನಮ್ಮಪ್ಪ. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿದ ವರ್ಷವೇ ಅವರಿಗೆ ಕಣ್ಣು ಮಂಜಾಯಿತು, ನಾನು ಪೂಜೆಗೆ ನಿಂತೆ. ನಮ್ಮ ಗುಡಿಯಲ್ಲಿ ಹೂವು ಕೇಳುವ ಪದ್ಧತಿ ಇದೆ. ಮಗಳಿಗೆ ಈ ಸಂಬಂಧ ಮಾಡಬಹುದೇ, ಈ ಜಾಗದಲ್ಲಿ ಬೋರು ಕೊರೆಸಬಹುದೇ, ಹೀಗೆ ಮನಸ್ಸು ಎರಡಾದವರು ಮಂಗಳವಾರ ಬಂದು ಅಮ್ಮನ ಮುಂದೆ ಕೂರುತ್ತಾರೆ. ಕಲ್ಲಿನ ಅಮ್ಮನ ಎರಡು ಭುಜಕ್ಕೂ ಒಂದೊಂದು ಒದ್ದೆ ಕಣಗಿಲೆ ಹೂವು ಅಂಟಿಸಿರುತ್ತೇವೆ. ನೀರು ಆರುತ್ತಾ ಬಂದಂತೆ ಹೂವು ಕಳಚುತ್ತದೆ. ಬಲಗಡೆಯದು ಮೊದಲು ಬಿದ್ದರೆ ಅಮ್ಮನ ಅಪ್ಪಣೆ ಆಯಿತು. ಎಡಗಡೆಯದು ಬಿದ್ದರೆ ಬೇಡ ಎಂದ ಹಾಗೆ.

ಇದಕ್ಕೊಂದು ಕ್ರಮ ಇತ್ತು. ತೆರೆ ಎಳೆದುಕೊಂಡು ಹೂವಿಡಬೇಕು. ಎರಡು ಹೂವನ್ನೂ ಒಂದೇ ಚೊಂಬಿನಲ್ಲಿ ಅದ್ದಿ, ಒಂದೊಂದು ಸಲ ಮಾತ್ರ ಕೊಡವಿ, ಎರಡೂ ಕೈಯಿಂದ ಒಟ್ಟಿಗೆ ಅಂಟಿಸಬೇಕು. ಆಮೇಲೆ ತೆರೆ ಸರಿಸಬೇಕು. ಅಲ್ಲಿಯವರೆಗೆ ಬಂದವರು ತಮ್ಮ ಪ್ರಶ್ನೆ ಬಾಯಿಬಿಟ್ಟು ಹೇಳಕೂಡದು, ನಾವು ಕೇಳಕೂಡದು. ಹೂವು ಮೊದಲು, ಮಾತು ಆಮೇಲೆ.

"ಅವರ ಮುಖ ನೋಡಿದ ಮೇಲೆ ಹೂವು ಮುಟ್ಟಬೇಡ ಕಣೋ" ಎಂದು ನಮ್ಮಪ್ಪ ಹೇಳಿದ್ದರು. "ಕೈ ಒಂದು ಕಡೆಗೆ ವಾಲ್ತದೆ."

ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಹಾಗೇ ಮಾಡಿಕೊಂಡು ಬಂದೆ. ನಂಬಿಕೆಯಿಂದ ಮಾಡಿದೆ ಎನ್ನುವುದಕ್ಕಿಂತ ಅಭ್ಯಾಸದಿಂದ ಮಾಡಿದೆ ಎನ್ನುವುದು ಸರಿ.

ಸಿನಿಮಾಕ್ಕೆ ನನ್ನನ್ನು ಕರೆದುಕೊಂಡು ಹೋದವನು ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳೆಯ. ಮುಳಬಾಗಿಲಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಬಾಯಿ ಸುಮ್ಮನಿರುವ ಜಾತಿಯಲ್ಲ. ಆಟ ಬಿಟ್ಟ ಮೇಲೆ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆವು. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, ಅಂಗಡಿಯವರಿಗೆಲ್ಲ ಕೇಳುವ ಹಾಗೆ ಶುರು ಮಾಡಿದ.

"ಏನ್ಲಾ ಪೂಜಾರಿ, ನೀನೂ ನೀರುಗಂಟಿನೇ ಅಲ್ವೇನ್ಲಾ?"

"ನಾನ್ಯಾಕೆ ನೀರುಗಂಟಿ?"

"ನಿನ್ನ ಕೈಲೂ ವಾಲ್ವ್ ಐತಲ್ಲಪ್ಪ. ಬಲಗಡೆ ತಿರುಗ್ಸಿದ್ರೆ ಐತೆ, ಎಡಗಡೆ ತಿರುಗ್ಸಿದ್ರೆ ಇಲ್ಲ. ಊರಿಗೆಲ್ಲ ನೀನೇ ಬಿಡೋದು."

"ಲೇ, ಬಾಯಿ ತೊಳ್ಕೋ. ಅದು ಅಮ್ಮನ ಇಷ್ಟ."

"ಅಮ್ಮನ ಇಷ್ಟನೋ, ನಿನ್ನ ಚೊಂಬಿನ ಇಷ್ಟನೋ? ಒದ್ದೆ ಜಾಸ್ತಿ ಆದ್ರೆ ಅಮ್ಮನೂ ಲೇಟು."

ಅಂಗಡಿಯವರು ನಕ್ಕರು. ನಾನೂ ನಕ್ಕೆ. ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಮಾತ್ರ ನನ್ನ ಬೆರಳುಗಳನ್ನೇ ನೋಡಿಕೊಂಡೆ. ಹೂವನ್ನು ಬೇಕಾದ ಕಡೆ ಬೀಳಿಸಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಇನ್ನೊಬ್ಬರು ತಮಾಷೆಯಾಗಿ ಹೇಳಿದ ಮೇಲೆ ಅದು ಮಾಡಬಹುದಾದ ಕೆಲಸದ ಹಾಗೆ ಕಂಡಿತು.

ಮೊದಲ ಸಲ ಮಾಡಿದ್ದು ಒಳ್ಳೆಯದಕ್ಕೇ. ನಮ್ಮ ಪಕ್ಕದೂರಿನವನೊಬ್ಬ ಓದುತ್ತಿದ್ದ ಮಗಳನ್ನು ಬಿಡಿಸಿ ಮದುವೆ ಮಾಡಲು ಹೊರಟಿದ್ದ. ಹುಡುಗಿ ಅವನ ಹಿಂದೆ ಅತ್ತು ಕೆಂಪಾದ ಕಣ್ಣು ಇಟ್ಟುಕೊಂಡು ಕೂತಿತ್ತು. ಹೂವಿಟ್ಟು ತೆರೆ ಸರಿಸಿದೆ, ಅವನು ಪ್ರಶ್ನೆ ಹೇಳಿದ, ಹುಡುಗಿ ನನ್ನ ಮುಖ ನೋಡಿತು. ನಾನು ಮತ್ತೆ ತೆರೆ ಎಳೆದೆ. ಹೂವು ಬಾಡಿದೆ, ಬದಲಾಯಿಸುತ್ತೇನೆ ಎಂದೆ. ಎಡಗಡೆ ಹೂವಿನ ಬೆನ್ನನ್ನು ಪಂಚೆಯ ತುದಿಯಲ್ಲಿ ಒರೆಸಿ ಅಂಟಿಸಿದೆ. ಬಲಗಡೆಯದಕ್ಕೆ ಒಂದಿಷ್ಟು ಗಂಧ ಬಳಿದು ಒತ್ತಿದೆ. ತೆರೆ ಸರಿಸಿ ನೂರು ಎಣಿಸುವಷ್ಟರಲ್ಲಿ ಎಡಗಡೆಯದು ಬಿತ್ತು. ಅಪ್ಪ ತಲೆ ತಗ್ಗಿಸಿದ. ಹುಡುಗಿ ಬಿಟ್ಟ ಉಸಿರು ಗರ್ಭಗುಡಿಯೊಳಗೆ ನನಗೆ ಕೇಳಿಸಿತು. ಆ ಹುಡುಗಿ ಮುಂದೆ ನರ್ಸಾಯಿತು. ಇದನ್ನು ಬರೆಯುವಾಗಲೂ ಅದೊಂದು ತಪ್ಪೆಂದು ನನ್ನ ಮನಸ್ಸು ಒಪ್ಪುತ್ತಿಲ್ಲ. ನಾನು ದಾರಿ ಬಿಟ್ಟಿದ್ದು ಅಲ್ಲಿಂದಲೇ.

ಆಮೇಲೆ ಒಬ್ಬ ಅಜ್ಜಿಯ ಕಳೆದುಹೋದ ಮೇಕೆ. "ಬರ್ತದಾ ಬರಲ್ವಾ, ಒಂದೇ ಮಾತು ಹೇಳು ಅಂತ ನಿಮ್ಮಮ್ಮನಿಗೆ ಹೇಳು" ಎಂದು ಅಜ್ಜಿ ಗದರಿಸಿದಳು. ಬರುತ್ತದೆ ಎಂದು ಬಲಗಡೆ ಬೀಳಿಸಿದೆ. ಸಂಜೆ ಮೇಕೆ ತಾನಾಗಿ ಬಂದು ಅವಳ ಅಂಗಳದಲ್ಲಿ ನಿಂತಿತ್ತು! ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ಆವನಿ ಕಡೆಯಿಂದ ಜನ ಬಂದರು. ರಾಯಲ್ಪಾಡಿನಿಂದ ಟೆಂಪೋ ಮಾಡಿಕೊಂಡು ಬಂದವರು ನನ್ನನ್ನು "ಸಾಮೀ" ಎಂದು ಕರೆದು ಕಾಲಿಗೆ ಬಿದ್ದರು. ತೆರೆ ಎಳೆಯುವುದಕ್ಕೆ ಮುಂಚೆಯೇ ಪ್ರಶ್ನೆ ಕೇಳಿಸಿಕೊಳ್ಳುವುದು ರೂಢಿಯಾಯಿತು. ಬಂದವರ ಮುಖ ನೋಡುತ್ತಿದ್ದೆ. ಏನು ಬೇಕಾಗಿದೆ ಎಂದು ಗೊತ್ತಾಗುತ್ತಿತ್ತು, ಅಥವಾ ಗೊತ್ತಾಯಿತು ಎಂದುಕೊಳ್ಳುತ್ತಿದ್ದೆ. ನೀರುಗಂಟಿಯ ಮಾತು ತುಟಿಯವರೆಗೆ ಬರುತ್ತಿತ್ತು. ಒಂದೆರಡು ಸಲ ತೆರೆಯ ಹಿಂದೆ ನಿಂತು ಚಿಟಿಕೆಯನ್ನೂ ಹೊಡೆದಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನನ್ನ ಹೆಂಡತಿಗೆ ಮಾತ್ರ ಏನೋ ವಾಸನೆ ಬಡಿದಿತ್ತು.

"ಇತ್ತೀಚೆಗೆ ಅಮ್ಮ ಎಲ್ರಿಗೂ ಬೇಕಾದ್ದನ್ನೇ ಕೊಡ್ತಾಳಲ್ರೀ. ಏನ್ ಸಮಾಚಾರ?"

"ಅಮ್ಮನ ಮನಸ್ಸು ಕಣೇ."

"ನಾವು ನಮ್ಮ ಮಗನ ಕೆಲಸಕ್ಕೆ ಹೂವು ಕೇಳಿದಾಗ ನಾಲ್ಕು ಸಲ ಎಡಗಡೆ ಬಿದ್ದಿತ್ತು. ಆಗ ಅಮ್ಮನಿಗೆ ಮನಸ್ಸಿರಲಿಲ್ವಾ?"

ನಾನು ಚೊಂಬು ಎತ್ತಿಕೊಂಡು ಗುಡಿಗೆ ಹೊರಟೆ.

ಆ ಹೆಂಗಸು ಬಂದದ್ದು ಸಿನಿಮಾ ನೋಡಿದ ಮರುವರ್ಷ, ಮಾವು ಮುಗಿಯುತ್ತಾ ಬಂದ ಕಾಲ. ಶ್ರೀನಿವಾಸಪುರದ ಆಚೆಯ ಹಳ್ಳಿ. ಒಬ್ಬಳೇ ಬಂದಿದ್ದಳು. ನಲವತ್ತು ದಾಟಿರಬಹುದು. ಕೋಲಾರದ ಆಸ್ಪತ್ರೆಯಲ್ಲಿ ಗಂಡನ ಹೊಟ್ಟೆ ಸ್ಕ್ಯಾನ್ ಮಾಡಿದ್ದರು. ಗಡ್ಡೆ ಇದೆ, ಬೇಗ ಆಪರೇಷನ್ ಮಾಡಿಸಿದರೆ ಉಳಿಯುತ್ತಾರೆ, ತಡ ಮಾಡಬೇಡಿ ಎಂದಿದ್ದರು.

"ಕೊಯ್ಸೋದಾ ಬೇಡ್ವಾ, ಅಮ್ಮನ್ನ ಕೇಳಿ ಪೂಜಾರಪ್ಪ" ಎಂದಳು. "ಅಮ್ಮ ಏನಂದ್ರೆ ಅದು."

ಅವಳ ಮುಖ ನೋಡಿದೆ. ತುಟಿ ನಡುಗುತ್ತಿತ್ತು. ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದಳು. ಕೊಯ್ಯುವುದು ಎನ್ನುವ ಮಾತಿಗೇ ಅವಳ ಮೈ ಒಂದು ಸಲ ಅದುರಿತ್ತು. ಪಾಪ, ಇವಳಿಗೆ ಬೇಡ ಅನ್ನಿಸಿಕೊಳ್ಳಬೇಕಾಗಿದೆ ಎಂದುಕೊಂಡೆ. ಅವಳ ಭಾರ ಇಳಿಸೋಣ ಎಂದುಕೊಂಡೆ. ಡಾಕ್ಟರು ಹೇಳಿದ ಮಾತು ನನಗೆ ಕೇಳಿಸಿರಲಿಲ್ಲ ಎಂದಲ್ಲ. ಕೇಳಿಸಿತ್ತು. ಡಾಕ್ಟರುಗಳು ಹಾಗೇ ಹೆದರಿಸುತ್ತಾರೆ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ತೆರೆ ಎಳೆದು ಎಡಗಡೆ ಹೂವನ್ನು ಒರೆಸಿದೆ. ಬಲಗಡೆಯದಕ್ಕೆ ಗಂಧ ಹಾಕಿ ಒತ್ತಿದೆ.

ಎಡಗಡೆ ಹೂವು ಬಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಮೂರು ಸುತ್ತು ಬಂದು ಹೊರಟುಹೋದಳು. ಸಮಾಧಾನವಾಗಿ ಹೋದಳು ಎಂದು ನಾನು ಅಂದುಕೊಂಡೆ. ಆ ಹೊತ್ತು ನಾನು ಮೆಟ್ಟಿಲ ಮೇಲೆ ನಿಂತು ಅವಳು ಬಸ್ ಸ್ಟಾಪಿನ ಕಡೆ ಹೋಗುವುದನ್ನು ನೋಡಿದ್ದು ನೆನಪಿದೆ. ಒಳ್ಳೆಯ ಕೆಲಸ ಮಾಡಿದವನ ಹಾಗೆ ನಿಂತಿದ್ದೆ.

ಮತ್ತೆ ಬಂದದ್ದು ಎಂಟು ತಿಂಗಳಿಗೆ. ಹಣೆಯಲ್ಲಿ ಕುಂಕುಮ ಇರಲಿಲ್ಲ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹಿಡಿದ ಮೇಲೆ ಕೈಯಲ್ಲಿದ್ದ ಮಂಗಳಾರತಿ ತಟ್ಟೆಯನ್ನು ಕೆಳಗಿಟ್ಟೆ.

ಅವಳು ಬೈಯಲು ಬಂದಿರಲಿಲ್ಲ. ಹೂವು ಕೇಳಲು ಬಂದಿದ್ದಳು.

"ನಾನು ಕೇಳಿದ್ದರಲ್ಲಿ ಏನಾದ್ರೂ ತಪ್ಪಾಯ್ತಾ ಅಂತ ಕೇಳ್ಬೇಕು ಪೂಜಾರಪ್ಪ. ಮೈಲಿಗೆಯಲ್ಲಿ ಬಂದಿದ್ನಾ, ಭಕ್ತಿ ಕಡಿಮೆಯಾಯ್ತಾ, ಏನಾಯ್ತು? ಅಮ್ಮ ಬೇಡ ಅಂದ್ಲು, ನಾನು ಬೇಡ ಅಂದೆ. ಮಗಳು ನನ್ನ ಜೊತೆ ಮಾತು ಬಿಟ್ಟವ್ಳೆ. ಡಾಕ್ಟರ ಮಾತು ಬಿಟ್ಟು ಹೂವಿನ ಮಾತು ಕೇಳಿ ಅಪ್ಪನ್ನ ಕೊಂದೆ ಅಂತಾಳೆ. ಅಮ್ಮ ಸುಳ್ಳು ಹೇಳಲ್ಲ. ಹಾಗಾದ್ರೆ ತಪ್ಪು ನನ್ನದೇ ಇರ್ಬೇಕಲ್ವಾ?"

ಹೇಳಬಹುದಾಗಿತ್ತು. ಗುಡಿಯಲ್ಲಿ ಆಗ ನಾವಿಬ್ಬರೇ ಇದ್ದೆವು. ತಪ್ಪು ನಿನ್ನದಲ್ಲಮ್ಮ ಎಂಬ ಎರಡು ಮಾತು ನನ್ನ ಬಾಯಲ್ಲಿ ಬಂದು ನಿಂತಿತ್ತು. ಅದನ್ನು ಹೇಳಿದರೆ ಅವಳು ಮುಂದಿನ ಮಾತು ಕೇಳುತ್ತಾಳೆ. ಯಾರದು ಹಾಗಾದರೆ? ಅದಕ್ಕೆ ಹೆದರಿ ತೆರೆ ಎಳೆದೆ.

ಆ ದಿನ ನಮ್ಮಪ್ಪ ಹೇಳಿಕೊಟ್ಟ ಹಾಗೇ ಮಾಡಿದೆ. ಒಂದೇ ಚೊಂಬು, ಒಂದೊಂದು ಸಲ ಕೊಡವುವುದು, ಎರಡೂ ಕೈ ಒಟ್ಟಿಗೆ. ತೆರೆ ಸರಿಸಿ ಇಬ್ಬರೂ ಕೂತೆವು. ಹೂವು ಬೀಳಲಿಲ್ಲ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಮೋಡ ಮುಚ್ಚಿದ ದಿನ, ನೀರು ಆರಲಿಲ್ಲ, ಅಷ್ಟೇ, ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಮ್ಮನ ಮುಖ ನೋಡದೆ ನೆಲ ನೋಡುತ್ತಾ ಕೂತೆ. ಮಧ್ಯಾಹ್ನದವರೆಗೂ ಅವಳು ಕೈ ಮುಗಿದುಕೊಂಡೇ ಕೂತಿದ್ದಳು. ಕೊನೆಗೆ "ಅಮ್ಮನಿಗೆ ನನ್ನ ಮೇಲೆ ಮುನಿಸು" ಎಂದು ಎದ್ದು ಹೋದಳು. ಮಾರನೆಯ ದಿನ ಬೆಳಿಗ್ಗೆ ನೋಡಿದರೂ ಹೂವು ಹಾಗೇ ಕಲ್ಲಿಗೆ ಅಂಟಿಕೊಂಡಿದ್ದವು, ಒಣಗಿ ಕಪ್ಪಾಗಿದ್ದವು. ಉಗುರಿನಿಂದ ಕೆರೆದು ತೆಗೆದೆ.

ನನಗೆ ಆ ಸದ್ದು ಕೇಳಲು ಶುರುವಾದದ್ದು ಆಮೇಲೆ. ಹೂವು ಬಿದ್ದರೆ ಸದ್ದಾಗುವುದಿಲ್ಲ. ಯಾರಿಗಾದರೂ ಹೂವಿಟ್ಟು ಕೂತಿರುತ್ತಿದ್ದೆ, ಅದು ಕಳಚಿ ಪಾದದ ಮೇಲೆ ಬೀಳುತ್ತಿದ್ದ ಹಾಗೇ ನನ್ನ ಕಿವಿಯೊಳಗೆ ಟಾಕೀಸು ತುಂಬ ಜನ ಒಟ್ಟಿಗೆ ನಗುತ್ತಿದ್ದರು. ಬೆಂಚಿನ ಸದ್ದು, ಸಿಳ್ಳೆ, ಎಲ್ಲ ಸೇರಿ. ಮುಂದೆ ಕೂತವರ ಮುಖ ನೋಡುತ್ತಿದ್ದೆ, ಅವರಿಗೇನೂ ಕೇಳಿಸಿರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮೋಸದ ಹೂವು ಇಡುವುದನ್ನು ಅವತ್ತೇ ನಿಲ್ಲಿಸಿದೆ. ಆದರೆ ಅವಳು ಬರುವುದು ನಿಲ್ಲಲಿಲ್ಲ. ಮಾವಿನ ಕಾಲ ಮುಗಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಬರುತ್ತಿದ್ದಳು, ಮೂರು ವರ್ಷ. ಅದೇ ಪ್ರಶ್ನೆ. ಮೂರನೆಯ ವರ್ಷ ಬಲಗಡೆ ಬಿತ್ತು. ತಪ್ಪು ತನ್ನದೇ ಎಂದು ಒಪ್ಪಿಕೊಂಡು ತಪ್ಪುಕಾಣಿಕೆ ಹಾಕಿ ಹೋದಳು. ನಾನು ನೋಡುತ್ತಾ ನಿಂತಿದ್ದೆ. ಅಂದೇ ಮನೆಗೆ ಬಂದು ಮಂಡಿ ನೋವು ಎಂದು ಹೇಳಿ ಪೂಜೆಯನ್ನು ತಮ್ಮನ ಮಗನಿಗೆ ಒಪ್ಪಿಸಿಬಿಟ್ಟೆ. ಆಮೇಲೆ ಅವಳು ಬಂದಳೋ ಇಲ್ಲವೋ ನಾನು ಕೇಳಲಿಲ್ಲ.

ಆ ಸಿನಿಮಾದಲ್ಲಿ ಏಳನೆಯ ದಿನ ದೇವರು ರಜಾ ಮುಗಿಸಿ ಬರುತ್ತಾನೆ. ನೀರುಗಂಟಿ ಮಾಡಿದ ಎಡವಟ್ಟೆಲ್ಲ ಒಂದೇ ಚಿಟಿಕೆಗೆ ಸರಿಹೋಗುತ್ತದೆ. ಅವನ ಆಟಕ್ಕೆ ಸಿಕ್ಕಿ ಸತ್ತುಬಿದ್ದಿದ್ದ ಒಂದು ಗಿಳಿ ಎದ್ದು ಕೂತು ಅವನಿಗೇ ಬಯ್ಯುತ್ತದೆ. ಆ ಕೊನೆಯ ಭಾಗ ಬರುವ ಹೊತ್ತಿಗೆ ನಾನು ಹಿತ್ತಲಲ್ಲಿರುತ್ತೇನೆ. ಸಿನಿಮಾ ಮಾಡಿದವರ ಮೇಲೆ ನನಗೇನೂ ಕೋಪವಿಲ್ಲ. ಅವರು ನಗಿಸಲು ಮಾಡಿದ್ದು.

ಹೋದ ವರ್ಷ ನನಗೆ ಹರ್ನಿಯಾ ಆಯಿತು. ಡಾಕ್ಟರು ಆಪರೇಷನ್ ಎಂದರು. ನಾನು ಬೇಡ ಎಂದೆ. ನನ್ನ ಹೆಂಡತಿ ನನಗೆ ಹೇಳದೆ ಗುಡಿಗೆ ಹೋಗಿ ಹೂವು ಕೇಳಿಕೊಂಡು ಬಂದಳು.

"ಬಲಗಡೆ ಬಿತ್ತು ಕಣ್ರೀ. ಕೂತು ಎರಡು ನಿಮಿಷ ಆಗಿರ್ಲಿಲ್ಲ."

ಎರಡು ನಿಮಿಷ ಎಂದಾಗ ನನಗೆ ಅನುಮಾನ ಬಂತು. ತಮ್ಮನ ಮಗನನ್ನು ಮನೆಗೆ ಕರೆಸಿದೆ. "ಹೂವು ಮೊದಲು ಇಟ್ಯೋ, ಮಾತು ಮೊದಲು ಕೇಳಿದ್ಯೋ?" ಎಂದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ನಕ್ಕ.

"ದೊಡ್ಡಪ್ಪ, ನಿಮಗೆ ಎಡಗಡೆ ಬೀಳೋಕೆ ಬಿಡ್ತೀನಾ?"

"ಯಾರು ಹೇಳಿಕೊಟ್ರು ನಿನಗೆ?"

"ಹೇಳಿಕೊಡೋದೇನು. ಚಿಕ್ಕಂದಿನಲ್ಲಿ ತೆರೆ ಹಿಂದೆ ನಿಂತು ನೋಡ್ತಿರ್ಲಿಲ್ವಾ, ನೀವು ಪಂಚೆಯಲ್ಲಿ ಒರೆಸೋದು."

ಆ ಹೂವಿನ ಮೇಲೆ ನನ್ನ ಆಪರೇಷನ್ ಆಯಿತು. ನಾನು ಉಳಿದೆ. ವಾರ್ಡಿನಲ್ಲಿ ಗೋಡೆಗೆ ಒಂದು ಟಿ.ವಿ. ಇತ್ತು. ಭಾನುವಾರ ಅದೇ ಸಿನಿಮಾ ಹಾಕಿದರು. ಎಂಟು ಮಂಚ, ಎಂಟು ಜನ ಹೊಟ್ಟೆ ಕೊಯ್ಸಿಕೊಂಡವರು. ನಗು ಬಂದರೆ ಹೊಲಿಗೆ ನೋಯುತ್ತದೆ ಎಂದು ಒಂದು ಕೈಯಲ್ಲಿ ಹೊಟ್ಟೆ ಅದುಮಿಕೊಂಡು, "ಅಯ್ಯಯ್ಯೋ, ಸಾಕು ಆಫ್ ಮಾಡ್ರಪ್ಪೋ" ಎನ್ನುತ್ತಾ, ಆಫ್ ಮಾಡಲು ಬಿಡದೆ ನಗುತ್ತಿದ್ದರು. ನನಗೆ ಎದ್ದು ಹಿತ್ತಲಿಗೆ ಹೋಗುವ ಹಾಗಿರಲಿಲ್ಲ. ಪೂರ್ತಿ ನೋಡಿದೆ. ನನ್ನ ಪಕ್ಕದ ಮಂಚದವನು ನಲವತ್ತೈದರ ಆಸುಪಾಸಿನವನು. ಹೊಟ್ಟೆಯಿಂದ ಗಡ್ಡೆ ತೆಗೆದಿದ್ದರು. ಹೆಂಡತಿ ಅವನಿಗೆ ಮೋಸಂಬಿ ಬಿಡಿಸಿ ಕೊಡುತ್ತಿದ್ದಳು. ಅವನು ನಗುತ್ತಾ ತಿನ್ನುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಮನೆಗೆ ಹೋದ ಮೇಲೆ ಅವಳನ್ನು ಹುಡುಕಿಕೊಂಡು ಹೋಗುತ್ತೇನೆ ಎಂದು ತೀರ್ಮಾನ ಮಾಡಿದೆ. ತೀರ್ಮಾನ ಮಾಡಿಯೂ ಒಂದು ವರ್ಷ ತಳ್ಳಿದೆ.

ಹೋದ ವಾರ ಹೋದೆ. ಮುಳಬಾಗಿಲಿಗೆ ಒಂದು ಬಸ್ಸು, ಶ್ರೀನಿವಾಸಪುರಕ್ಕೆ ಒಂದು, ಅಲ್ಲಿಂದ ಆಟೋ. ಕಾಣಿಕೆಯ ರಸೀತಿಗೆ ಅವಳು ಹೇಳಿದ್ದ ಊರಿನ ಹೆಸರು ನನಗೆ ಮರೆತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ ಎಂದು ಊರವರು ದಾರಿ ತೋರಿಸಿದರು. ಮಕ್ಕಳ ಊಟ ಮುಗಿದು ಪಾಠ ಶುರುವಾಗಿತ್ತು. ಅಡುಗೆಮನೆಯ ಹಿಂದೆ ಇಬ್ಬರು ಹೆಂಗಸರು ಪಾತ್ರೆ ಉಜ್ಜುತ್ತಿದ್ದರು. ಅವಳ ಜೊತೆಯವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಕ್ಕಾ ಇವ್ರು, ನಿನ್ನ ನೋಡೋಕೆ ಬಂದ ಗಂಡಾ? ಸ್ವಲ್ಪ ವಯಸ್ಸಾಗಿದ್ಯಲ್ಲೇ!"

"ಥೂ, ಸುಮ್ನಿರೇ. ನಮ್ಮ ಅಮ್ಮನ ಗುಡಿ ಪೂಜಾರಪ್ಪ" ಎಂದು ಅವಳು ಎದ್ದು, ಕೈ ತೊಳೆದು, ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದಕ್ಕೆ ಸರಿದೆ. ಜೊತೆಯವಳನ್ನು ಆಚೆ ಕಳಿಸಮ್ಮ ಎಂದೆ.

ಜೊತೆಯವಳು ಹೋದ ಮೇಲೆ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ಅಂದು ಎಡಗಡೆ ಹೂವು ಬಿದ್ದದ್ದಲ್ಲಮ್ಮ, ನಾನು ಬೀಳಿಸಿದ್ದು. ಇಷ್ಟೇ ಹೇಳಲು ಬಂದದ್ದು.

ಅವಳು ನನ್ನನ್ನೇ ನೋಡಿದಳು. ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

"ಹೆಂಗೆ?" ಎಂದಳು.

"ಒರೆಸಿ..."

"ಬಾಯಲ್ಲಿ ಬೇಡ. ಮಾಡಿ ತೋರ್ಸಿ."

ಬೇಲಿಯಲ್ಲಿ ಕಣಗಿಲೆ ಇತ್ತು. ಎರಡು ಹೂವು ಕಿತ್ತು ತಂದಳು. ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತಂದಿಟ್ಟಳು. ಅಡುಗೆಮನೆಯ ಜಗಲಿಗೆ ಕಲ್ಲಿನ ಕಂಬವಿತ್ತು, ಅದನ್ನು ತೋರಿಸಿದಳು. ಗಂಧ ಇಲ್ಲವಲ್ಲಮ್ಮ ಎಂದೆ. ಒಳಗಿನಿಂದ ಒಂದು ಚಿಟಿಕೆ ಮೈದಾ ತಂದು ನೀರಿನಲ್ಲಿ ಕಲಸಿ ಕೊಟ್ಟಳು. ಒಂದು ಹೂವು ಒರೆಸಿದೆ, ಒಂದಕ್ಕೆ ಮೈದಾ ಬಳಿದೆ. ಎರಡನ್ನೂ ಅಂಟಿಸಿದೆ. ಇಬ್ಬರೂ ಜಗಲಿಯ ಮೇಲೆ ಕೂತೆವು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಹದಿಮೂರರ ಮಗ್ಗಿ ಮುಗಿಯುವ ಮೊದಲೇ ಎಡಗಡೆ ಹೂವು ಜಾರಿ ನೆಲಕ್ಕೆ ಬಿತ್ತು.

ಅವಳು ಅದನ್ನು ಎತ್ತಲಿಲ್ಲ.

"ಅವತ್ತು ಬಲಗಡೆ ಬೀಳ್ಲಿ ಅಂತ ಬೇಡ್ಕೊಳ್ತಾ ಇದ್ದೆ" ಎಂದಳು. "ನಮ್ಮತ್ತೆ, ಮೈದುನಂದಿರು, ಯಾರಿಗೂ ಕೊಯ್ಸೋದು ಬೇಡ. ಅಮ್ಮನ ಅಪ್ಪಣೆ ಆಯ್ತು ಅಂದ್ರೆ ಅವರು ಬಾಯಿ ಮುಚ್ಕೊಳ್ತಾರೆ ಅಂತ ಬಂದಿದ್ದೆ. ಆಸ್ಪತ್ರೆಗೆ ಬೇಕಾದ ಬಟ್ಟೆಬರೆ ಎಲ್ಲ ಕಟ್ಟಿಟ್ಟು ಬಂದಿದ್ದೆ. ಬಲಗಡೆ ಬಿದ್ರೆ ಅವತ್ತೇ ಕರ್ಕೊಂಡು ಹೋಗೋದಿತ್ತು."

ಹತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡು ತಿರುಗಿದ ತಪ್ಪು ಯಾವುದು ಎಂದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳಿಗೆ ಬೇಕಾದ್ದನ್ನು ಕೊಟ್ಟು ಕೆಡಿಸಿದೆ ಎಂದುಕೊಂಡಿದ್ದೆ. ಅವಳಿಗೆ ಏನು ಬೇಕಿತ್ತು ಎಂಬುದನ್ನೇ ನಾನು ಕಂಡಿರಲಿಲ್ಲ.

ಕ್ಷಮಿಸು ಎಂದು ಕೇಳಿದೆ. ಅವಳು ಕೇಳಿಸಿಕೊಳ್ಳದವಳ ಹಾಗೆ ಸೆರಗಿನಿಂದ ಫೋನ್ ತೆಗೆದು ಒಂದು ನಂಬರು ಒತ್ತಿದಳು. ಆ ಕಡೆ ರಿಂಗಾಗಿ ನಿಂತುಹೋಯಿತು.

"ನನ್ನ ನಂಬರು ಅಂದ್ರೆ ಮಗಳು ಎತ್ತಲ್ಲ. ಮಾಲೂರಲ್ಲಿ ಫ್ಯಾಕ್ಟರಿಲಿ ಅವ್ಳೆ. ನಿಮ್ಮ ಫೋನಿಂದ ಮಾಡಿ. ನನಗೆ ಹೇಳಿದ್ದನ್ನ ಅವಳಿಗೆ ಹೇಳಿ."

ಮಾಡಿದೆ. ಮಗಳು ಎತ್ತಿದಳು. ಹಿಂದೆ ಯಂತ್ರದ ಸದ್ದು. ಯಾರು ಎಂದು ಹೇಳಿದೆ, ಎಲ್ಲಿಂದ ಎಂದು ಹೇಳಿದೆ, ಏನು ಮಾಡಿದೆ ಎಂದು ಹೇಳಿದೆ. ಮುಗಿದ ಮೇಲೆ ಕೇಳಿದಳು, "ನಮ್ಮಮ್ಮ ಹೇಳ್ಕೊಟ್ಟಿದ್ದಾ ಇದು?"

"ಇಲ್ಲಮ್ಮ. ಅವರಿಗೇ ಈಗ ಗೊತ್ತಾಗಿದ್ದು."

"ಫೋನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ತಾರೆ. ನಿಮ್ಮೂರ ಜನದ ಮುಂದೆ ಹೇಳ್ತೀರಾ? ಅದೇ ಗುಡಿಲಿ, ನಿಂತ್ಕೊಂಡು?"

ಬಿಸಿಲು ಜಗಲಿಯವರೆಗೆ ಬಂದಿತ್ತು. ತಾಯಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೇಳ್ತೀನಿ."

"ಯಾವತ್ತು?"

"ಮಂಗಳವಾರ. ನೀನೂ ಬಾಮ್ಮ."

"ಬರ್ತೀನಿ" ಎಂದಳು. "ನೀವು ಹೇಳಿದ್ರೆ ಮಾತ್ರ ನಾನು ನಮ್ಮಮ್ಮನ ಜೊತೆ ಆ ಗುಡಿ ಮೆಟ್ಟಿಲು ಇಳೀತೀನಿ. ಇಲ್ದಿದ್ರೆ ಒಬ್ಬಳೇ ಇಳೀತೀನಿ." ಫೋನ್ ಇಟ್ಟಳು.

ತಾಯಿ ನನಗೆ ಊಟ ಮಾಡಿ ಹೋಗಿ ಎನ್ನಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಹೇಳಿದಳು.

ನಾಳೆ ಮಂಗಳವಾರ. ತಮ್ಮನ ಮಗನಿಗೆ ಎಲ್ಲ ಹೇಳಿದ್ದೇನೆ. ಗುಡಿಯ ಹೆಸರು ಹೋಗುತ್ತದೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ದೊಡ್ಡಪ್ಪ ಎಂದು ಅವನು ಎರಡು ದಿನದಿಂದ ನನ್ನ ಹಿಂದೆ ಸುತ್ತುತ್ತಿದ್ದಾನೆ. ಅವನು ಹೇಳುವುದು ಸುಳ್ಳಲ್ಲ. ಹೆಸರು ಹೋಗುತ್ತದೆ. ನಾಲಿಗೆ ನಾಳೆ ಕೈ ಕೊಟ್ಟರೆ ಓದಿಯಾದರೂ ಹೇಳಬೇಕೆಂದು ಇದನ್ನೆಲ್ಲ ಬರೆದಿದ್ದೇನೆ. ಇಂದು ಮಧ್ಯಾಹ್ನ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದೆ. ಅವಳು ನ್ಯಾಯವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇನ್ನೊಂದ್ಸಲ ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ" ಎಂದಳು. "ಗುಡಿಯೊಳಗೆ ಬೆಳಕು ಕಮ್ಮಿ."